ಇಲ್ಲಿ ಎಲ್ಲ ಕ್ಷೇಮ, ತಲುಪಿದ್ದರೆ 1 ಕಳಿಸಿ

ಫೆಬ್ರವರಿ ೩, ಸಂಜೆ

ಕೈಪಿಡಿಯ ಆರನೆಯ ಅಧ್ಯಾಯ ತಿದ್ದಿ ಮುಗಿಯಿತು. ಟೂಲ್‌ನ ಹೊಸ ಆವೃತ್ತಿಯಲ್ಲಿ ಹಳೆಯ ಕಮಾಂಡ್ ಎರಡು ಸತ್ತಿವೆ. ನನ್ನ ಪುಟದಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿದ್ದವು. ತೆಗೆದೆ. ‘ಪರಿಶೀಲಿಸಿದ್ದು’ ಎಂಬುದರ ಮುಂದೆ ಇವತ್ತಿನ ತಾರೀಖು ಹಾಕಿದೆ. ಹಾಗೆ ಹಾಕುವಾಗ ಒಂದು ಸಣ್ಣ ಸುಖ. ಮನೆ ಗುಡಿಸಿ ಪೊರಕೆ ಮೂಲೆಗಿಟ್ಟ ಹಾಗೆ.

ಹೊಸ ಮ್ಯಾನೇಜರ್ ಮೇಜಿನ ಹತ್ತಿರ ಬಂದು ನಿಂತರು. ನೀರು ಸರಬರಾಜು ಕಚೇರಿಗೆ ಅವರು ಬಂದು ಎರಡು ವಾರ ಆಗಿರಬೇಕು.

“ಈ ಟೂಲ್ ಏನ್ ಮಾಡುತ್ತೆ ಮೇಡಂ? ಒಂದೇ ಮಾತಲ್ಲಿ ಹೇಳಿ.”

ಒಂದೇ ಮಾತಿನಲ್ಲಿ ಹೇಳುವಂತಿದ್ದರೆ ಇಷ್ಟು ವರ್ಷ ಪುಟಗಟ್ಟಲೆ ಯಾಕೆ ಬರೆಯುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಡ್ಯೂಟಿ ಇಂಜಿನಿಯರ್ — ಸರ್ವರ್ ರೂಮಿಗೆಲ್ಲ ಅವನೇ ದಿಕ್ಕು, ಅದಕ್ಕೇ ಎಲ್ಲರ ಬಾಯಲ್ಲೂ ‘ಉಸ್ತುವಾರಿ’ — ಕುರ್ಚಿ ತಿರುಗಿಸಿ ಅಂದ:

“ಸರ್, ಇದು ದೊಡ್ಡಮ್ಮ. ಮನೆಗೆ ದೊಡ್ಡಮ್ಮ ಬಂದ್ರೆ ಏನಾಗುತ್ತೆ? ಲೋಟ ಯಾಕಿಲ್ಲಿದೆ, ಚಾಪೆ ಯಾಕೆ ಮಡಚಿಲ್ಲ ಅಂತ ಎಲ್ಲಾನೂ ಮೊದಲಿದ್ದ ಜಾಗಕ್ಕೆ ಇಟ್ಟು ಹೋಗ್ತಾಳೆ. ಪಂಪ್‌ಹೌಸು, ಟ್ಯಾಂಕು, ಎಲ್ಲ ಕಡೆ ನಮ್ಮ ಸರ್ವರ್ ಇದಾವಲ್ಲ, ಅವು ಹೇಗಿರಬೇಕು ಅಂತ ಒಂದು ಫೈಲಲ್ಲಿ ಬರೆದಿಟ್ಟಿದೀವಿ. ಅರ್ಧ ಗಂಟೆಗೊಂದು ಸಲ ದೊಡ್ಡಮ್ಮ ಹೋಗಿ ನೋಡ್ತಾಳೆ. ಯಾರಾದ್ರೂ ಕೈಯಾಡಿಸಿದ್ರೆ ವಾಪಸ್ ಫೈಲಲ್ಲಿದ್ದ ಹಾಗೇ ಮಾಡಿ ಬರ್ತಾಳೆ.”

“ಮತ್ತೆ ಮೇಡಂ ಏನ್ ಮಾಡ್ತಾರೆ?”

“ದೊಡ್ಡಮ್ಮನ ಜೊತೆ ಬಾಳುವೆ ಮಾಡೋದು ಹೇಗೆ ಅಂತ ಬರೀತಾರೆ.”

ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ನನ್ನ ಹತ್ತು ಸಾಲಿನ ಪೀಠಿಕೆಗಿಂತ ಅದೇ ವಾಸಿ.

ಮ್ಯಾನೇಜರ್‌ಗೆ ಏಳನೆಯ ಅಧ್ಯಾಯದ ಒಂದು ಸಾಲಿನ ಮೇಲೆ ಕಣ್ಣು. ‘ಬೆಳಗಿನ ವರದಿ ಬಾರದಿದ್ದರೆ ಕಾಯುತ್ತ ಕೂರಬೇಡಿ. ಬಾರದಿರುವುದೇ ಸುದ್ದಿ. ಕೂಡಲೇ ವಿಚಾರಿಸಿ.’ ಇದು ಕಥೆ ಪುಸ್ತಕದ ಹಾಗಿದೆ, ತೆಗೆಯಿರಿ ಎಂದರು. ತೆಗೆಯುವುದಿಲ್ಲ ಎಂದೆ. ಪ್ರತಿ ಸರ್ವರ್ ಬೆಳಗ್ಗೆ ಒಂದು ಫೋನಿಗೆ ತಾನು ಸರಿಯಾಗಿದ್ದೇನೆ ಎಂದು ಮೆಸೇಜ್ ಕಳಿಸಬೇಕು. ಅಲ್ಲಿಂದ 1 ಎಂದು ಉತ್ತರ ಬರಬೇಕು. ಆ ಅಧ್ಯಾಯದ ಜೀವ ಇರುವುದೇ ಆ ಸಾಲಿನಲ್ಲಿ.

ಅದೇ ಪುಟದ ಮಾದರಿಯಲ್ಲಿ ನನ್ನ ತಮ್ಮನ ನಂಬರ್ ಇದೆ. ಪ್ರತಿ ವರ್ಷ ಪರಿಶೀಲನೆಗೆ ಬಂದಾಗ ಬದಲಾಯಿಸಬೇಕು ಅಂದುಕೊಳ್ಳುತ್ತೇನೆ. ಮಾದರಿ ತಾನೇ. ಸೊನ್ನೆಗಳನ್ನು ಹಾಕಿದರೆ ಟೂಲ್ ತಗೊಳ್ಳುವುದಿಲ್ಲ, ನಿಜವಾದ ನಂಬರೇ ಬೇಕು. ಆ ದಿನಗಳಲ್ಲಿ ನನ್ನ ಬೆರಳಿಗೆ ಗೊತ್ತಿದ್ದ ನಂಬರ್ ಅದೊಂದೇ. ಈ ವರ್ಷವೂ ಮುಂದಿನ ಪುಟಕ್ಕೆ ಹೋದೆ.

ಫೆಬ್ರವರಿ ೪

ಬಸ್ ಸ್ಟಾಪಿನಲ್ಲಿ ಅದೇ ವೇಳಾಪಟ್ಟಿ. ಅದರಲ್ಲಿರುವ ಏಳನೇ ನಂಬರ್ ಬಸ್ಸು ನಿಂತು ಎಷ್ಟೋ ಕಾಲವಾಯಿತು; ಆ ಬಸ್ಸಿನ ಡ್ರೈವರ್ ಈಗ ಪೆನ್ಷನ್ ತಗೊಂಡು ನಮ್ಮ ಬೀದಿಯ ಕೊನೆಯಲ್ಲಿ ಬೆಕ್ಕು ಸಾಕಿಕೊಂಡಿದ್ದಾನೆ. ಒಬ್ಬ ಹೆಂಗಸು ಕೈಯಲ್ಲಿ ಚೀಲ ಹಿಡಿದು ಆ ಬಸ್ಸಿಗೇ ಕಾಯುತ್ತಿದ್ದಳು. ಬೋರ್ಡಿನಲ್ಲಿ ಬರೆದಿದೆಯಲ್ಲ ಎಂದಳು. ಬರೆದದ್ದನ್ನು ನಂಬುವವರಿಗೆ ಹೀಗೆ ಮಾಡಬಾರದು. ಸಾರಿಗೆ ಕಚೇರಿಗೆ ಮತ್ತೊಂದು ಪತ್ರ ಬರೆದೆ. ಹಿಂದಿನ ಪತ್ರಗಳಿಗೆ ಬಂದ ಉತ್ತರ ನೆನಪಿದೆ: ‘ಪರಿಶೀಲನೆಯಲ್ಲಿದೆ.’ ಮೂವರು ಅಧಿಕಾರಿಗಳು ಬದಲಾದರು, ಆ ಪದ ಬದಲಾಗಲಿಲ್ಲ.

ಚಿಕ್ಕಮ್ಮ ಕಿಟಕಿ ಪಕ್ಕದ ಕುರ್ಚಿಯಿಂದಲೇ: “ಯಾರಿಗೆ ಬರೀತಿದೀಯೆ ಮತ್ತೆ?”

“ಬಸ್ಸಿನವರಿಗೆ.”

“ನೀನು ಸತ್ತು ಮೇಲೆ ಹೋದ್ರೆ ಚಿತ್ರಗುಪ್ತನ ಲೆಕ್ಕಾನೂ ತಿದ್ದಿಬಿಡ್ತೀಯ. ಅವನು ಪಾಪ ರಾಜೀನಾಮೆ ಕೊಡ್ತಾನೆ.”

ಅಮ್ಮನ ಬೆನ್ನಿಗೆ ಹುಟ್ಟಿದವಳು. ಅಮ್ಮ ಹೋದ ಮೇಲೆ ಅಮ್ಮನ ಕುರ್ಚಿಗೂ ಅಮ್ಮನ ರೇಡಿಯೋಕ್ಕೂ ಇವಳೇ ವಾರಸುದಾರಳು. ನಾಲಗೆ ಮಾತ್ರ ಅವಳದೇ.

ಫೆಬ್ರವರಿ ೬

ಚಿಕ್ಕಮ್ಮ ನನ್ನ ತಮ್ಮನೊಡನೆ ಫೋನಿನಲ್ಲಿ ಮಾತಾಡಿದಳು. ತಿಂಗಳಿಗೊಮ್ಮೆ ಮಾತಾಡುತ್ತಾಳೆ. ನಾನು ಆಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ, ತೊಳೆದದ್ದನ್ನೇ. ನಲ್ಲಿ ಸಣ್ಣಗೆ ಬಿಟ್ಟುಕೊಂಡಿರುತ್ತೇನೆ.

ಫೋನಿಟ್ಟು ಅಂದಳು, “ಇಬ್ರೂ ಒಳಗೊಳಗೇ ಮಾತಾಡ್ಕೊಂಡು ನನ್ನ ಮುಂದೆ ನಾಟಕ ಆಡ್ತೀರ.”

“ಏನು?”

“ದಿನಾ ಬೆಳಗ್ಗೆ ಅಕ್ಕನಿಗೆ ಉತ್ತರ ಕಳಿಸಿಯೇ ನಾನು ಕೆಲಸಕ್ಕೆ ಹೋಗೋದು ಅಂದ.”

ಮೈ ಉರಿಯಿತು. ಅಮ್ಮ ಹೋದಾಗಿನಿಂದ ಒಂದು ಮಾತಿಲ್ಲ, ಒಂದಕ್ಷರವಿಲ್ಲ. ಸುಳ್ಳು ಹೇಳುವುದನ್ನು ಯಾವಾಗ ಕಲಿತ? ಚಿಕ್ಕವನಿದ್ದಾಗ ಬೆಲ್ಲ ಕದ್ದು ತಿಂದರೂ ಅಂಟಿದ ಕೈಯನ್ನು ತಾನೇ ತಂದು ತೋರಿಸುತ್ತಿದ್ದ.

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ, ನನಗೆ ನೆನಪಿರುವುದು ಸರಿಯಾಗಿ ಒಂದು ಕಡೆ ಇರಲಿ.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಅವನ ಹೊಸ ನಂಬರ್ ಕೊಟ್ಟೆ. ದಾಖಲಾತಿ ಕೌಂಟರ್‌ನಲ್ಲಿ ಬರೆಸಿದೆ, ವಾರ್ಡಿನ ನರ್ಸ್ ಕೈಗೆ ಕೊಟ್ಟೆ, ಮಂಚಕ್ಕೆ ತೂಗುಹಾಕಿದ ಹಲಗೆಯಲ್ಲೂ ಬರೆದೆ. ಕೊನೆಯ ಸಂಜೆ ನಾನು ಒಳಗೆ, ಅಮ್ಮನ ಕೈ ಹಿಡಿದುಕೊಂಡಿದ್ದೆ. ಒಳಗೆ ಫೋನ್ ಬಿಡುವುದಿಲ್ಲ. ಮಗನಿಗೆ ತಿಳಿಸಿ ಎಂದು ಹೇಳಿ ಕಳಿಸಿದೆ. ಗುಮಾಸ್ತ ಹಿಂದಿನ ಸಲದ ಹಳೆಯ ಫೈಲ್ ತೆಗೆದು ಹಳೆಯ ನಂಬರಿಗೆ ಮಾಡಿದ. ಯಾರೋ ಎತ್ತಿದರು, ಆಯಿತು ಎಂದರು. ತಿಳಿಸಿದೆವು ಎಂದು ಗುಮಾಸ್ತ ಬರೆದುಕೊಂಡ.

ತಮ್ಮ ಬಂದಾಗ ಎಲ್ಲ ಮುಗಿದಿತ್ತು. ಕಾರಿಡಾರಿನಲ್ಲಿ ನಿಂತು ಕೇಳಿದ, “ನನಗ್ಯಾಕೆ ಹೇಳಲಿಲ್ಲ?” ನಾನು ನಡೆದದ್ದನ್ನು ಒಂದೊಂದಾಗಿ ವಿವರಿಸಿದೆ. ಕೇಳಿಸಿಕೊಂಡ. ಆಮೇಲೆ ಅಂದ, “ಎಲ್ಲಾ ಕಡೆ ಬರೆದೆ ನೀನು. ಫೋನ್ ಮಾತ್ರ ಮಾಡಲಿಲ್ಲ.”

ಅಷ್ಟೇ. ತನ್ನೂರಿಗೆ ಹೋದ, ತನ್ನ ಲಿಫ್ಟ್ ರಿಪೇರಿಗೆ. ನಾನು ರಜೆ ಮುಗಿಸಿ ಬಂದು ಏಳನೆಯ ಅಧ್ಯಾಯ ಬರೆದೆ.

ಫೆಬ್ರವರಿ ೧೧, ಬೆಳಗ್ಗೆ

ನಲ್ಲಿಯಲ್ಲಿ ನೀರಿಲ್ಲ. ಮೇಲಿನ ಬೀದಿಗಳಿಗೆ ಎಲ್ಲೂ ಇಲ್ಲ. ಪಕ್ಕದ ಮನೆಯಾಕೆ ಕೊಡ ಹಿಡಿದು ಗೇಟಿನಲ್ಲಿ: “ನಿಮ್ಮ ಆಫೀಸೇ ಅಲ್ವಾ ಅಕ್ಕಾ ನೀರು ಬಿಡೋದು? ಮನೆ ಮಗಳಿಗೇ ಹೀಗಾದ್ರೆ ನಮ್ಮ ಗತಿ ಏನು?”

ನಾಗರಿಕಳಾಗಿ ದೂರು ಬರೆದು ಕಚೇರಿಯ ಮುಂಬಾಗಿಲ ಪೆಟ್ಟಿಗೆಗೆ ಹಾಕಿ, ನೌಕರಳಾಗಿ ಹಿಂಬಾಗಿಲಿನಿಂದ ಒಳಗೆ ಹೋದೆ. ಕೊನೆಯ ಸಾಲು ಖಾರವಾಗಿಯೇ ಬರೆದಿದ್ದೇನೆ: ‘ಎಚ್ಚರಿಕೆ ಬಂದರೂ ನಿದ್ರಿಸಿದವರು ಯಾರೆಂದು ಲಿಖಿತವಾಗಿ ತಿಳಿಸಬೇಕು.’

ಫೆಬ್ರವರಿ ೧೩

ಕಾರಣ ಸಿಕ್ಕಿತು. ಹಳೇ ಟ್ಯಾಂಕಿನ ಸರ್ವರ್. ನೀರಿನ ಮಟ್ಟ ನೋಡಿ ಪಂಪ್ ಹಾಕಿಸುವುದು ಅದೇ. ಅದರ ಡಿಸ್ಕ್ ತುಂಬಿ ಲೆಕ್ಕ ಬರೆಯಲು ಜಾಗವಿಲ್ಲದೆ ಮಟ್ಟ ನೋಡುವುದು ನಿಂತುಬಿಟ್ಟಿತ್ತು; ಬೆಳಗಿನ ಮೆಸೇಜ್ ಮಾತ್ರ ಹೋಗುತ್ತಿತ್ತು. ಟ್ಯಾಂಕ್ ಖಾಲಿಯಾದದ್ದು ಅದಕ್ಕೇ ತಿಳಿದಿಲ್ಲ.

ಉಸ್ತುವಾರಿಯ ಮುಖ ಸಪ್ಪಗಿತ್ತು. “ವಿಚಿತ್ರ ಏನು ಗೊತ್ತಾ ಮೇಡಂ? ತುಂಬ್ತಾ ಇದೀನಿ, ತುಂಬ್ತಾ ಇದೀನಿ ಅಂತ ಅದು ಒಂದು ವಾರದಿಂದ ಮೆಸೇಜ್ ಹಾಕಿದೆ. ಪ್ರತಿ ಮೆಸೇಜಿಗೂ ಯಾರೋ 1 ಅಂತ ಉತ್ತರ ಕೊಟ್ಟಿದಾರೆ. ಯಾರೋ ನೋಡ್ಕೊಳ್ತಿದಾರೆ ಅಂತ ದೊಡ್ಡಮ್ಮ ನಮಗೆ ಹೇಳೋಕೇ ಬರಲಿಲ್ಲ.”

“ಯಾರು?”

“ಅದೇ ಗೊತ್ತಿಲ್ಲ. ನಮ್ಮ ಡ್ಯೂಟಿ ಫೋನ್ ಅಲ್ಲ.”

ಯಾರೇ ಆಗಿರಲಿ, ಓದದೆ ಒತ್ತುವವರ ಸಂತತಿ. ಸಹಿ ಹಾಕುವವರು, ಮುದ್ರೆ ಒತ್ತುವವರು, ‘ತಿಳಿಸಿದೆವು’ ಎಂದು ಬರೆದುಕೊಳ್ಳುವವರು. ಬುಡ ಹಿಡಿದು ಅಲ್ಲಾಡಿಸಬೇಕು ಎಂದೆ.

ಫೆಬ್ರವರಿ ೧೪, ಮಧ್ಯಾಹ್ನ

ಉಸ್ತುವಾರಿ ಅವಸರದಲ್ಲಿ ಟ್ಯಾಂಕಿನ ಸರ್ವರ್‌ಗೆ ನೇರ ಹೋಗಿ ಆ ಅನಾಮಿಕ ನಂಬರ್ ಅಳಿಸಿ ತನ್ನದು ಹಾಕಿದ್ದ. ಟೀ ಕುಡಿದು ಬರುವಷ್ಟರಲ್ಲಿ ಹಳೆಯದೇ ಬಂದು ಕೂತಿದೆ.

“ಗೊತ್ತಿದ್ದೂ ಗೊತ್ತಿದ್ದೂ ಕೈ ಹಾಕಿದೆ. ದೊಡ್ಡಮ್ಮ ಬಂದು ವಾಪಸ್ ಇಟ್ಟು ಹೋಗಿದಾಳೆ. ಫೈಲಲ್ಲೇ ತಪ್ಪಿದೆ ಮೇಡಂ. ನಾಲ್ಕು ವರ್ಷದ ಹಿಂದೆ ಇದ್ದ ಒಬ್ಬ ಕಂಟ್ರಾಕ್ಟರ್ ಬರೆದದ್ದು. ಬನ್ನಿ, ತಮಾಷೆ ನೋಡಿ.”

ಫೈಲ್ ತೆರೆದ. ನಂಬರಿನ ಮೇಲೊಂದು ಟಿಪ್ಪಣಿ: ‘ಇದು ಮಾದರಿ ಮಾತ್ರ. ಹೀಗೆಯೇ ನಕಲು ಮಾಡಬೇಡಿ.’

ನನ್ನ ವಾಕ್ಯ. ನಕಲು ಮಾಡಬೇಡಿ ಎನ್ನುವುದನ್ನೂ ಸೇರಿಸಿ ನಕಲು ಮಾಡಿದ್ದಾರೆ. ಉಸ್ತುವಾರಿ ನಗುತ್ತಿದ್ದ. ನಾನು ಕೆಳಗಿನ ಸಾಲು ನೋಡಿದೆ. ಆಮೇಲೆ ಅದರ ಕೆಳಗಿನದು.

ತಮ್ಮನ ನಂಬರ್.

ಅದರ ಕೆಳಗೆ ಮೆಸೇಜಿನ ಮಾತು, ಅದೂ ನನ್ನದೇ ಮಾದರಿ: ‘ಇಲ್ಲಿ ಎಲ್ಲ ಕ್ಷೇಮ. ತಲುಪಿದ್ದರೆ 1 ಕಳಿಸಿ.’

ನೀರು ಕುಡಿದು ಬರುತ್ತೇನೆ ಎಂದು ಎದ್ದೆ.

ಅದೇ ದಿನ, ಮನೆ

“ಅವತ್ತು ಅವನು ಏನಂದ? ಒಂದಕ್ಷರ ಬಿಡದೆ ಹೇಳು ಚಿಕ್ಕಮ್ಮ.”

ರೇಡಿಯೋ ಆರಿಸಿದಳು. ನನ್ನ ಮುಖ ಹಾಗಿತ್ತೇನೋ.

“ಅಕ್ಕ ದಿನಾ ಬೆಳಗ್ಗೆ ಇಲ್ಲಿ ಎಲ್ಲ ಕ್ಷೇಮ ಅಂತ ಕಳಿಸ್ತಾಳೆ, ಥೇಟ್ ಅಮ್ಮ ಹಾಸ್ಟೆಲಿಗೆ ಕಾಗದ ಬರೀತಿದ್ದ ಹಾಗೇ ಅಂದ. ಆಫೀಸಿನ ಹೆಸರಲ್ಲಿ ಬರುತ್ತಂತೆ. ತನ್ನ ಫೋನಿಂದ ಕಳಿಸೋಕೆ ಬಿಗುಮಾನ, ಅದಕ್ಕೆ ಆಫೀಸಿಂದ ಕಳಿಸ್ತಾಳೆ ಅಂತ ನಕ್ಕ. ಮೊದಮೊದಲು ಏನೇನೋ ಬರೆದನಂತೆ. ಅದಕ್ಕೆ ಉತ್ತರಾನೇ ಇಲ್ಲ. 1 ಅಂತ ಒತ್ತಿದ್ರೆ ಮಾತ್ರ ‘ಸ್ವೀಕರಿಸಲಾಗಿದೆ’ ಅಂತ ಬರುತ್ತಂತೆ. ಅವಳು ಹೇಳಿದ ಹಾಗೇ ಬರೆದ್ರೆ ಮಾತ್ರ ತಗೊಳ್ಳೋದು, ಚಿಕ್ಕಂದಿನಿಂದ ಹಾಗೇ ಅಲ್ವಾ ಚಿಕ್ಕಮ್ಮ ಅಂದ.”

“ಟ್ಯಾಂಕು, ಡಿಸ್ಕು ಅಂತ ಏನೋ ಬಂದಿರಬೇಕು ಈಚೆಗೆ.”

“ಅಕ್ಕ ಈಗೀಗ ಆಫೀಸಿನ ಕಷ್ಟಾನೂ ಹೇಳ್ಕೊಳ್ತಾಳೆ ಅಂದ. ಖುಷಿಯಲ್ಲಿದ್ದ.”

ಹೇಳಿದೆ. ಅದು ನಾನಲ್ಲ, ಯಂತ್ರ ಎಂದೆ. ಚಿಕ್ಕಮ್ಮ ಆರಿಸಿದ್ದ ರೇಡಿಯೋವನ್ನು ಸೆರಗಿನಿಂದ ಒರೆಸಿದಳು.

“ನಾಲ್ಕು ವರ್ಷ ಅವನು ಯಂತ್ರದ ಹತ್ರ ಮಾತಾಡಿದ್ದು ಅಂತ ಯಾರೇ ಹೇಳ್ತಾರೆ ಅವನಿಗೆ? ನಾನಂತೂ ಹೇಳಲ್ಲ.”

ಫೆಬ್ರವರಿ ೧೬

ಮೀಟಿಂಗ್. ಮ್ಯಾನೇಜರ್ ನಂಬರನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಅಷ್ಟು ದೊಡ್ಡದಾಗಿ ನಾನು ಅದನ್ನು ನೋಡಿರಲಿಲ್ಲ.

“ಇದು ಯಾರದು? ಆಫೀಸಿನ ಯಾರದ್ದೂ ಅಲ್ಲ.”

“ನನ್ನ ತಮ್ಮನದು.”

“ನಿಮ್ಮ ತಮ್ಮ ಸರ್ವರ್ ಕೆಲಸದಲ್ಲಿದಾರಾ?”

“ಲಿಫ್ಟ್ ರಿಪೇರಿ ಮಾಡ್ತಾನೆ.”

ಉಸ್ತುವಾರಿಗೆ ಕೆಮ್ಮು ಬಂತು.

“ಅಂದ್ರೆ ನಾಲ್ಕು ವರ್ಷದಿಂದ ಊರಿನ ಟ್ಯಾಂಕು ಒಬ್ಬ ಲಿಫ್ಟ್ ಮೆಕ್ಯಾನಿಕ್ ಕೈಯಲ್ಲಿತ್ತು.”

“ಒಂದು ದಿನಾನೂ ತಪ್ಪಿಸಿಲ್ಲ ಸರ್” ಎಂದ ಉಸ್ತುವಾರಿ. “ಜ್ವರ ಇಲ್ಲ, ರಜೆ ಇಲ್ಲ. ನಮ್ಮವರಲ್ಲಿ ಯಾರೂ ಈ ರೆಕಾರ್ಡ್ ಮಾಡಿಲ್ಲ.”

ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ ಎಂದರು ಮ್ಯಾನೇಜರ್. ಮಾಡಬೇಡಿ ಎಂದೆ. ದನಿ ಜೋರಾಯಿತು. ನಕಲು ಮಾಡಿದವರು ಬೇರೆ, ನೋಡದೆ ಒಪ್ಪಿದವರು ಬೇರೆ, ಆ ನಂಬರನ್ನು ಮಾದರಿಯಲ್ಲಿ ಉಳಿಸಿಕೊಂಡವಳು ನಾನು. ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ ಅವನ ಕೆಲಸ ಎಂದೆ. “ಅದಕ್ಕೇ ಹೇಳೋದು, ಈ ಡಾಕ್ಯುಮೆಂಟ್ ಎಲ್ಲ ಯಾರು ಓದ್ತಾರೆ” ಎಂದರು. ಓದಿದ್ದರೆ ನಕಲು ಮಾಡಬೇಡಿ ಎಂಬುದನ್ನು ನಕಲು ಮಾಡುತ್ತಿರಲಿಲ್ಲ ಎಂದೆ.

ಇನ್ನು ನಂಬರ್ ಬದಲಾಗಬೇಕು. ಆದರೆ ನಮ್ಮಲ್ಲಿ ಒಂದು ನಿಯಮವಿದೆ: ಮೊದಲು ಪುಟ, ಆಮೇಲೆ ಸರ್ವರ್. ಪುಟ ತಿದ್ದಿ ನಾನು ಒಪ್ಪಿಗೆ ಹಾಕಿದ ಮೇಲೆಯೇ ಫೈಲ್ ತಿದ್ದುವುದು. ಹಿಂದಿನ ಮ್ಯಾನೇಜರ್‌ಗಳ ಜೊತೆ ಜಗಳವಾಡಿ ತಂದ ನಿಯಮ, ನಾನೇ ತಂದದ್ದು. ಹಾಗಾಗಿ ಅದು ಈಗ ನನ್ನ ಮೇಜಿನ ಮೇಲಿದೆ.

ತಿದ್ದಬೇಕಾದದ್ದು ಒಂದೇ ಸಾಲು. ಇವತ್ತು ತಿದ್ದಲಿಲ್ಲ.

ಫೆಬ್ರವರಿ ೧೭, ಬೆಳಗ್ಗೆ

ಕಚೇರಿಗೆ ಬೇಗ ಬಂದೆ. ಗುಡಿಸುವವಳು ಕಾಲೆತ್ತಿ ಎಂದು ನನ್ನ ಕುರ್ಚಿಯ ಕೆಳಗೂ ಗುಡಿಸಿ ಹೋದಳು. ಹಳೇ ಟ್ಯಾಂಕಿನ ಪುಟ ತೆರೆದು ಕೂತೆ. ಏಳೂವರೆಗೆ ಸಾಲು ಮೂಡಿತು: ವರದಿ ಕಳಿಸಲಾಗಿದೆ. ಕಣ್ಣು ಕೀಳಲಿಲ್ಲ. ಎಲ್ಲೋ ಒಂದು ಊರಿನಲ್ಲಿ, ಯಾವುದೋ ಕಟ್ಟಡದ ಕೆಳಗೆ ಅವನು ಚೀಲ ಇಳಿಸುತ್ತಾನೆ, ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ…

ಉತ್ತರ: 1.

ಬೆರಳು ಪರದೆಯ ಮೇಲಿಟ್ಟೆ. ಬಿಸಿ ಇತ್ತು. ಪರದೆ ಯಾವಾಗಲೂ ಬಿಸಿಯೇ, ಅದರಲ್ಲೇನಿಲ್ಲ.

ಉಸ್ತುವಾರಿ ಬಂದ. ಏನೂ ಕೇಳದೆ ಪಕ್ಕದ ಕುರ್ಚಿ ಎಳೆದುಕೊಂಡ. “ಮೇಡಂ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 1 ಅಲ್ಲದೇನೂ ಉತ್ತರ ಬಂದಿದೆ. ಶುರುವಿನಲ್ಲಿ ಜಾಸ್ತಿ. ಆಮೇಲೆ ವರ್ಷಕ್ಕೊಂದು ಎರಡು.”

“ಏನಂತ?”

“ಗೊತ್ತಾಗಲ್ಲ. ‘ಗುರುತಿಸಲಾಗದ ಉತ್ತರ’ ಅಂತ ಇದೆ ಅಷ್ಟೆ. ಮಾತು ಉಳಿಯಲ್ಲ.”

ಗೊತ್ತು. ಏಳನೆಯ ಅಧ್ಯಾಯ, ಕೊನೆಯ ಸಾಲು: ‘1 ಹೊರತು ಬೇರೆ ಉತ್ತರಗಳನ್ನು ಗುರುತಿಸಲಾಗುವುದಿಲ್ಲ, ಉಳಿಸಲಾಗುವುದಿಲ್ಲ.’ ಸ್ಪಷ್ಟವಾದ ವಾಕ್ಯ. ಎಷ್ಟು ವರ್ಷ ಪರಿಶೀಲಿಸಿದ್ದೇನೆ, ಎಲ್ಲೂ ತಪ್ಪಿಲ್ಲ ಎಂದು.

ಯಾವ ದಿನಗಳು ಎಂದು ಕೇಳಿದೆ. ಎರಡಂತೂ ನನಗೆ ಕ್ಯಾಲೆಂಡರ್ ಬೇಕಿಲ್ಲದ ದಿನಗಳು. ಅಮ್ಮ ಹೋದ ದಿನ. ನಾನು ಹುಟ್ಟಿದ ದಿನ.

ಫೆಬ್ರವರಿ ೨೦

ಏನು ಬರೆದಿರಬಹುದು. ಅವನು ಉದ್ದ ಬರೆಯುವವನಲ್ಲ. ಹಾಸ್ಟೆಲಿನಿಂದ ಬರುತ್ತಿದ್ದ ಕಾಗದದಲ್ಲಿ ‘ಸೋಪು ಮುಗಿದಿದೆ’ ಎಂಬುದೇ ಸಾಹಿತ್ಯ. ‘ಹೇಗಿದ್ದೀಯ’ ಎಂದಿರಬಹುದು. ‘ಬೈದದ್ದು ತಪ್ಪಾಯಿತು’ ಎಂದಿರಬಹುದು. ಬೈದಿದ್ದರೂ ಬೈದಿರಬಹುದು, ಅದಾದರೂ ಸಿಕ್ಕಿದ್ದರೆ.

ಬಾವಿಗೆ ಬಿದ್ದ ಕೊಡವನ್ನಾದರೂ ಗಾಳ ಹಾಕಿ ಎತ್ತಬಹುದು. ಇದಕ್ಕೆ ಯಾವ ಗಾಳ.

ಪುಟ ತಿದ್ದಲಿಲ್ಲ. ಟ್ಯಾಂಕನ್ನು ಉಸ್ತುವಾರಿ ಸದ್ಯಕ್ಕೆ ತಾನೇ ದಿನಕ್ಕೆರಡು ಬಾರಿ ನೋಡುತ್ತಿದ್ದಾನೆ.

ಫೆಬ್ರವರಿ ೨೧

ಕ್ಯಾಂಟೀನಿನಲ್ಲಿ ನನ್ನ ಹಿಂದಿನ ಮೇಜಿನಿಂದ: “ತಿದ್ದುಪಡಿ ಮೇಡಂ ಹತ್ರಾನೇ ಒಂದು ಪೆಂಡಿಂಗ್ ಇದೆಯಂತೆ.”

“ಸೂರ್ಯ ಯಾವ ಕಡೆ ಹುಟ್ಟಿದ?”

ತಿರುಗಿ ನೋಡಲಿಲ್ಲ. ಸರಿಯಾಗಿಯೇ ಇದೆ. ಬಸ್ಸಿನವರ ವೇಳಾಪಟ್ಟಿಗೂ ನನ್ನ ಪುಟಕ್ಕೂ ಈಗ ಏನು ವ್ಯತ್ಯಾಸ? ಅವರಿಗೆ ಸೋಮಾರಿತನ, ನನಗೆ ಇದು. ಕಾಯುವ ಹೆಂಗಸಿಗೆ ಎರಡೂ ಒಂದೇ.

ಏಳೂವರೆ. 1. ಇವತ್ತು ಸ್ವಲ್ಪ ತಡವಾಗಿ ಬಂತು. ಆ ಸ್ವಲ್ಪದಲ್ಲಿ ಜೀವ ಬಾಯಿಗೆ ಬಂದಿತ್ತು.

ಫೆಬ್ರವರಿ ೨೫

ನಂಬರ್ ಬಾಯಿಪಾಠ. ಫೋನ್ ಕೈಯಲ್ಲಿ. ಕೊನೆಯ ಅಂಕಿ ಒತ್ತಲಾರೆ.

ಒತ್ತಿದರೆ ಏನು ಹೇಳುವುದು? ‘ನಾಲ್ಕು ವರ್ಷ ಕಳಿಸಿದ್ದು ನಾನಲ್ಲ’ — ಅಲ್ಲಿಗೆ ಅವನ ಅಕ್ಕ ಎರಡನೇ ಸಲ ಫೋನ್ ಮಾಡದೇ ಹೋದಳು. ಹೇಳದೆ ಸುಮ್ಮನೆ ಸಾಲು ತಿದ್ದಿದರೆ, ಅಕ್ಕ ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ತಿದ್ದದೇ ಇದ್ದರೆ ಯಾವುದೋ ಬೆಳಗ್ಗೆ ಮತ್ತೆ ಮೇಲಿನ ಬೀದಿಗಳಲ್ಲಿ ಕೊಡ ಹಿಡಿದು ನಿಲ್ಲುತ್ತಾರೆ, ಅವನು ಮನಸಾರೆ 1 ಎಂದು ಒತ್ತುತ್ತಾನೆ.

ಇವತ್ತು ನನ್ನ ದೂರಿಗೆ ಕಚೇರಿಯಿಂದ ಉತ್ತರ ಬಂದಿದೆ. ‘ಪರಿಶೀಲನೆಯಲ್ಲಿದೆ.’ ಟೈಪ್ ಮಾಡಿದವಳು ನನ್ನ ಪಕ್ಕದ ಮೇಜಿನವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಚಿಕ್ಕಮ್ಮ ಊಟದ ತಟ್ಟೆಯಿಂದ ತಲೆಯೆತ್ತದೆ: “ಮಾತು ಯಂತ್ರದ್ದಾ, ನಿಂದಾ?”

“ಮಾತು ನಂದೇ. ಮಾದರಿಗೆ ಅಂತ ಬರೆದದ್ದು.”

“ಯಾವಾಗ ಬರೆದದ್ದು?”

“ಅಮ್ಮ ಹೋದ ಮೇಲೆ. ಆಫೀಸಿಗೆ ವಾಪಸ್ ಹೋದ ವಾರ.”

“ಯಾರ ನಂಬರಿಗೆ?”

ಮಜ್ಜಿಗೆ ಪಾತ್ರೆಯನ್ನು ಅವಳ ಕಡೆ ಸರಿಸಿದೆ.

“ಮತ್ತೆ ಇನ್ನೇನೇ” ಎಂದು ಮಜ್ಜಿಗೆ ಸುರಿದುಕೊಂಡಳು.

ಫೆಬ್ರವರಿ ೨೬

ತಿದ್ದಿದೆ.

ಬೆಳಗಿನ 1 ಬಂದದ್ದನ್ನು ನೋಡಿಕೊಂಡೇ ತಿದ್ದಿದೆ, ಅಷ್ಟು ಸ್ವಾರ್ಥ ಇರಲಿ. ಮಾದರಿಯಲ್ಲಿ ಈಗ ಡ್ಯೂಟಿ ರೂಮಿನ ನಂಬರ್. ಮಾದರಿಯನ್ನು ಯಾರಾದರೂ ಹಾಗೇ ನಕಲು ಮಾಡಿದರೂ ಮೆಸೇಜ್ ಹೋಗಬೇಕಾದಲ್ಲಿಗೇ ಹೋಗುತ್ತದೆ. ಜನ ಹೇಗಿರಬೇಕೋ ಹಾಗೆ ಅಲ್ಲ, ಹೇಗಿದ್ದಾರೋ ಹಾಗೆ ಬರೆಯಬೇಕು. ಇಷ್ಟು ತಿಳಿಯಲು ಇಷ್ಟು ವರ್ಷ. ‘ಇಲ್ಲಿ ಎಲ್ಲ ಕ್ಷೇಮ’ ಎಂಬುದನ್ನು ತೆಗೆದು ‘ಸ್ಥಿತಿ: ಸರಿ’ ಎಂದು ಹಾಕಿದೆ. ಕೊನೆಯ ಸಾಲನ್ನೂ ಮುಟ್ಟಿದೆ: ‘ಗುರುತಿಸಲಾಗದ ಉತ್ತರಗಳನ್ನು ಉಳಿಸಿ, ಯಾರಾದರೂ ಓದತಕ್ಕದ್ದು.’ ಇದಕ್ಕೆ ಟೂಲ್‌ನಲ್ಲೂ ಬದಲಾವಣೆ ಬೇಕು. ಮ್ಯಾನೇಜರ್ ಯಾಕೆ ಎಂದರು. ಅದರಲ್ಲಿ ಏನು ಬೇಕಾದರೂ ಇರಬಹುದು ಎಂದೆ. ಉಸ್ತುವಾರಿ, ಅರ್ಧ ದಿನದ ಕೆಲಸ ಸರ್, ನಾನು ಮಾಡ್ತೀನಿ ಎಂದ.

‘ಪರಿಶೀಲಿಸಿದ್ದು’ ಎಂಬುದರ ಮುಂದೆ ತಾರೀಖು ಹಾಕಿದೆ. ಸುಖವೇನೂ ಆಗಲಿಲ್ಲ.

ಉಸ್ತುವಾರಿ ಫೈಲ್ ಸೇವ್ ಮಾಡುವ ಮೊದಲು ನನ್ನನ್ನು ನೋಡಿದ. “ಮಾಡ್ಲಾ ಮೇಡಂ?”

“ಮಾಡಿ.”

ಅರ್ಧ ಗಂಟೆಯಲ್ಲಿ ದೊಡ್ಡಮ್ಮ ಹಳೇ ಟ್ಯಾಂಕಿಗೆ ಹೋಗಿ ಬಂದಳು. ಎಲ್ಲ ಅದರದರ ಜಾಗದಲ್ಲಿದೆ.

ಸಂಜೆ ಬಸ್ ಸ್ಟಾಪಿನಲ್ಲಿ ಏಳನೇ ನಂಬರಿನ ಸಾಲಿನ ಮೇಲೆ ನಾನೇ ಕಾಗದ ಅಂಟಿಸಿ ಬಂದೆ. ಸಾರ್ವಜನಿಕ ಆಸ್ತಿಗೆ ಹಾನಿ. ಬರಲಿ, ಹಿಡಿಯಲಿ.

ಫೆಬ್ರವರಿ ೨೭, ಬೆಳಗ್ಗೆ

ಇವತ್ತು ಬೇಗ ಹೋಗಲಿಲ್ಲ. ನೋಡುವುದಕ್ಕೆ ಏನಿದೆ. ಊಟದ ಮೇಜಿನ ಮೇಲೇ ಈ ಪುಸ್ತಕ, ಪಕ್ಕದಲ್ಲಿ ಫೋನು.

ಏಳೂವರೆ ಆಯಿತು.

ನಾನೇ ಕಳಿಸುತ್ತೇನೆ ಎಂದು ನಿನ್ನೆ ನಿರ್ಧರಿಸಿದ್ದೆ, ನನ್ನ ಸ್ವಂತ ಫೋನಿನಿಂದ. ‘ಇಲ್ಲಿ ಎಲ್ಲ ಕ್ಷೇಮ’ ಎಂದು ಬರೆದೆ. ಅಳಿಸಿದೆ. ಮಾದರಿಗೆ ಆದೀತು, ನಿಜಕ್ಕೆ ಆಗದು. ‘ಇಲ್ಲಿ ಕ್ಷೇಮ ಅಷ್ಟಕ್ಕಷ್ಟೆ’ ಎಂದು ಬರೆದೆ. ಅದೂ ನಾಟಕ. ಊರಿನ ಬೋರ್ಡುಗಳಿಗೆಲ್ಲ ಸರಿಯಾದ ವಾಕ್ಯ ಹೊಳೆಯುತ್ತದೆ. ಒಬ್ಬನೇ ತಮ್ಮ, ಅವನಿಗೊಂದು ಸಾಲು ಬರೆಯಲು

ಒಳಗೆ ಚಿಕ್ಕಮ್ಮನ ಫೋನ್ ರಿಂಗಾಗುತ್ತಿದೆ. ಎತ್ತಿದಳು. “ಹಾಂ ಕಣೋ… ಯಾಕೋ, ಏನಾಯ್ತೋ?… ಇಲ್ಲ ಇಲ್ಲ, ಅವಳಿಗೇನೂ ಆಗಿಲ್ಲ. ಹುಷಾರಾಗೇ ಇದಾಳೆ. ಹಲ್ಲು ಕಚ್ಕೊಂಡು ಏನೋ ಗೀಚ್ತಾ ಕೂತಿದಾಳೆ… ಬಂದಿಲ್ವಾ? ಒಂದಿನ ಬರಲಿಲ್ಲ ಅಂದ್ರೆ ಹೀಗೆ ಉಸಿರು ಕಟ್ಟೋ ಹಾಗೆ ಮಾತಾಡ್ತೀಯಲ್ಲೋ… ತಡಿ.”

ಬರುತ್ತಿದ್ದಾಳೆ. ಅವಳ ಚಪ್ಪಲಿ ಸದ್ದು.

ಫೋನನ್ನು ತಂದು ಈ ಪುಟದ ನಡುವೆಯೇ ಇಟ್ಟು, ನನ್ನ ಮುಖ ಕೂಡ ನೋಡದೆ ಹೋದಳು. ಅದರ ಸುತ್ತ ಉಳಿದ ಜಾಗದಲ್ಲಿ ಬರೆಯುತ್ತಿದ್ದೇನೆ. ಹಿಂದೆ ಎಲ್ಲೋ ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಸದ್ದು. “ಅಕ್ಕಾ” ಅನ್ನುತ್ತಿದ್ದಾನೆ. “ಅಕ್ಕಾ, ಇದ್ದೀಯಾ? ಇವತ್ತು ಯಾಕೆ ನೀನು”